ತೊಲೆ ಏರುವ ತನಕ

ನಮ್ಮ ಮನೆಯವರ ಹಠದ ಮುಂದೆ ಕಾಗಿಣಾ ಹೊಳೆಯೇ ಸೋಲಬೇಕು, ಇನ್ನು ನಾನೆಷ್ಟರವಳು! ಮಳಖೇಡದಲ್ಲಿ ಭಾಗಣ್ಣ ಗೌಂಡಿ ಎಂದರೆ ಕಲ್ಲು, ಮಣ್ಣು, ಸುಣ್ಣದಲ್ಲಿ ಮನೆ ಕಟ್ಟುವವರು ಎಂದು ಹಳಬರಿಗೆ ಗೊತ್ತು. ಉಳಿದವರಿಗೆ ಅವರು ರೇಡಿಯೋ ಭಾಗಣ್ಣ. ಸುತ್ತ ಎತ್ತ ನೋಡಿದರೂ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ. ನಮ್ಮ ಮಗ ದತ್ತು ದುಡಿಯುವುದೂ ಅಂಥದೊಂದರಲ್ಲೇ. ಅಂಥ ಸೀಮೆಯಲ್ಲಿ ಕುಳಿತು ಈ ಪುಣ್ಯಾತ್ಮ ಪ್ರತಿ ಗುರುವಾರ ರೇಡಿಯೋದಲ್ಲಿ, "ಸಿಮೆಂಟ್ ಬ್ಯಾಡ್ರಿ, ನಿಮ್ಮ ಹೊಲದ ಮಣ್ಣ ಸಾಕ್ರಿ" ಎನ್ನುತ್ತಿದ್ದರು.

"ಮಗನ ಅನ್ನಕ್ಕ ಕಲ್ಲ ಹಾಕಾಕತ್ತೀರಿ ನೋಡ್ರಿ" ಎಂದು ನಾನು ಕಾಡಿಸುತ್ತಿದ್ದೆ. ಅವರು ನಗುತ್ತಿದ್ದರು.

ಸೇಡಂನ ಸಮುದಾಯ ರೇಡಿಯೋದ ಹುಡುಗಿ ರಾಧಿಕಾ ಈ ಕಾರ್ಯಕ್ರಮ ಹುಟ್ಟುಹಾಕಿದವಳು. ಬುನಾದಿಯಿಂದ ಮಾಳಿಗೆಯವರೆಗೆ, ಅಂದರೆ ಮಣ್ಣಿನ ಚಾವಣಿಯವರೆಗೆ, ವಾರಕ್ಕೊಂದು ಪಾಠ. ಕೇಳುವವರು ಭಾಳ ಮಂದಿ, ಕೇಳಿ ಕಟ್ಟಿದವಳು ಒಬ್ಬಳೇ: ಸೇಡಂ ತಾಲ್ಲೂಕಿನದೇ ಮುಧೋಳದ ಜಬೀನಾ. ಬಟ್ಟೆ ಹೊಲಿಯುವವಳು. ತಗಡಿನ ಶೆಡ್ಡಿನಲ್ಲಿ ವಾಸ. ಬೇಸಿಗೆಯ ತಗಡಿನ ಕಾವಿಗೆ ಅವಳ ಕೂಸಿನ ಮೈತುಂಬ ಬೆವರುಸಾಲೆ ಎದ್ದಿತ್ತು. ಈ ವಾರ ಇವರು ಬುನಾದಿ ಹೇಳಿದರೆ ಮುಂದಿನ ವಾರಕ್ಕೆ ಅವಳು ಬುನಾದಿ ತುಂಬಿ ಫೋನ್ ಮಾಡುತ್ತಿದ್ದಳು. "ಚಾಚಾ, ಗ್ವಾಡಿ ಎದಿಮಟ ಬಂತ್ರಿ!" ಆ ಫೋನ್ ಬಂದ ದಿನ ನಮ್ಮವರು ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದರು.

ಆದರೆ ಹರೆಯದಲ್ಲಿ ಶಹಾಬಾದಿನ ಕಲ್ಲಿನ ಗಣಿಯಲ್ಲಿ ನುಂಗಿದ ಧೂಳು ಎದೆಯಲ್ಲಿ ಕುಳಿತಿತ್ತು. ಗೋಡೆಯ ಪಾಠ ಮುಗಿಯುವ ಹೊತ್ತಿಗೆ ಒಂದು ಮಾತಿಗೆ ಎರಡು ಸಲ ಉಸಿರು ಎಳೆಯಬೇಕಾಯಿತು. ಕಲಬುರಗಿಯ ಡಾಕ್ಟರರು ದತ್ತುವನ್ನು ಹೊರಗೆ ಕರೆದು ಮಾತಾಡಿದರು. ಹೊರಗೆ ಕರೆದಾಗಲೇ ನನಗೆ ತಿಳಿಯಿತು.

ಉಳಿದದ್ದು ಮಾಳಿಗೆಯೊಂದೇ. ಗೋಡೆಯನ್ನು ಯಾರಾದರೂ ಏರಿಸಿಯಾರು. ಮಣ್ಣಿನ ಮಾಳಿಗೆ ತಪ್ಪಿದರೆ ಸೋರುತ್ತದೆ, ಇಲ್ಲವೇ ಭಾರಕ್ಕೆ ಕುಸಿಯುತ್ತದೆ. ಅದನ್ನು ಬಲ್ಲ ಗೌಂಡಿ ನಮ್ಮ ಕಡೆ ಇವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ದತ್ತು ಕಲಿಯಲಿಲ್ಲ.

"ಕಾಕಾ, ಮಾಳಗಿದೊಂದು ಈಗೇ ರೆಕಾರ್ಡ್ ಮಾಡಿ ಇಟ್ಕೊಳ್ಳೋಣ್ರಿ" ಎಂದು ರಾಧಿಕಾ ಕೈಮುಗಿದಳು.

"ಜಬೀನಾನ ಮನಿ ತೊಲಿ ಏರ್ಯಾದೇನು?"

"ಇನ್ನಾ ಇಲ್ರಿ."

"ಹಂಗಾರ ಬ್ಯಾಡವ್ವ."

ಇವರ ಕಸುಬಿನಲ್ಲಿ ಒಂದು ನೇಮ. ನಡುತೊಲೆ ಗೋಡೆಯ ಮೇಲೆ ಕುಳಿತು ಕಾಯಿ ಒಡೆಯುವ ತನಕ ಮಾಳಿಗೆಯ ಮಾತು ಎತ್ತಬಾರದು. ಎತ್ತಿದರೆ ಆ ಮಾಳಿಗೆ ಒಳಗಿದ್ದವರ ಮೇಲೆ ಬೀಳುತ್ತದಂತೆ.

ನನಗೆ ಮೈಯೆಲ್ಲ ಉರಿಯಿತು. "ಅದು ರೇಡಿಯೋರಿ, ನಿಮ್ಮ ಗಾರಿ ಕೆಲಸ ಅಲ್ಲ! ಡಬ್ಬ್ಯಾಗ ಮಾತಾಡಿದ್ರ ಯಾರ ಮ್ಯಾಲ ಬೀಳ್ತದ?"

"ಆ ಕೂಸಿನ ಮ್ಯಾಲ ಬಿದ್ರ ನೀ ಹೊಣಿ ಆಗ್ತಿ ಏನ, ಮಾಣಿಕಿ?"

"ಅಲ್ಲಿತನಾ ನಿಮ್ಮ ಉಸರ ತಡೀತದೇನ್ರಿ?" ಎಂದುಬಿಟ್ಟೆ. ಅವರು ನನ್ನ ಮುಖ ನೋಡಿ, "ತಡೀತದ" ಎಂದರು. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಜಬೀನಾ ಚಿಂಚೋಳಿಯಲ್ಲಿ ಕೆಡವಿದ ಹಳೆಮನೆಯ ತೊಲೆಯೊಂದನ್ನು ಕೊಂಡಿದ್ದಳು. ತರಲು ಗಾಡಿ ಸಿಕ್ಕಿರಲಿಲ್ಲ. ನಾನೇ ಫೋನ್ ಹಚ್ಚಿ, "ಲಗೂನ ಏರಸವ್ವ, ನಿನ್ನ ಕಾಲ ಹಿಡಕೋತೀನಿ" ಎಂದೆ. ಯಾಕೆಂದು ಹೇಳುವ ಧೈರ್ಯವಾಗಲಿಲ್ಲ. ಸೋಮವಾರ ಖಂಡಿತ ಎಂದಳು. ಸುದ್ದಿ ಹೇಳಿದೊಡನೆ ಇವರ ಮುಖ ಅರಳಿತು. ಸೋಮವಾರ ಸಂಜೆಯೇ ರೆಕಾರ್ಡ್ ಮಾಡಲು ರಾಧಿಕಾಳಿಗೆ ಬರಹೇಳಿದರು.

ಭಾನುವಾರ ಬೆಳಗ್ಗೆ ಬಶಿಯಲ್ಲಿ ಚಹಾ ಆರಿಸಿ ಕೊಟ್ಟೆ. ಒಂದು ಗುಟುಕು ಕುಡಿದು ಗೋಡೆಗೆ ಒರಗಿದರು. ಮತ್ತೆ ಕಣ್ಣು ಬಿಡಲಿಲ್ಲ.

ಸೋಮವಾರ ಮಧ್ಯಾಹ್ನ ಮನೆತುಂಬ ಜನ ಕುಳಿತಿದ್ದಾಗ ಅವರ ಫೋನ್ ಬಡಿದುಕೊಂಡಿತು. ನಾನೇ ಎತ್ತಿದೆ.

"ಚಾಚಾ! ತೊಲಿ ಕುಂತದ್ರಿ! ಫಾತಿಹಾ ಓದ್ಸೀವಿ, ನೀವಂದಂಗ ಕಾಯೀನೂ ಒಡದೀವಿ. ಈಗರ ಮಾಳಗಿ ಹೇಳ್ರಿ!"

ಫೋನಿನಲ್ಲಿ ಅವಳ ಹಿಂದೆ ಜನರೆಲ್ಲ ನಗುತ್ತಿದ್ದರು. ಸಕ್ಕರೆ ಹಂಚುತ್ತಿದ್ದರೇನೋ.

"ಚಾಚಾ ಇಲ್ಲವ್ವ" ಎಂದೆ.

"ಯಾವಾಗ ಬರ್ತಾರ್ರಿ?"

ಅಯ್ಯೋ ಶಿವನೇ! ದತ್ತು ಫೋನ್ ಕಸಿದುಕೊಂಡ.

ಇವರ ದಿನಕರ್ಮಗಳು ಮುಗಿದ ಮೇಲೆ ರಾಧಿಕಾ ಬಂದಳು. "ಕಾಕಿ, ಜೀವನಪೂರ್ತಿ ಕಾಕಾನ ಕೂಡ ದುಡದೀರಿ. ನೀವೇ ಹೇಳ್ರಿ. ಮೋಡ ಆಗಾಕತ್ಯಾದ, ಜಬೀನಾ ಕಾಯಾಕತ್ತಾಳ." ಸೇಡಂಗೆ ಹೋಗಿ ಮೈಕಿನ ಮುಂದೆ ಕುಳಿತೆ. ಆಚೆ ಲೈನಿನಲ್ಲಿ ಜಬೀನಾ ಇದ್ದಳು.

ಮಣ್ಣು ಹೇಗೆ ನೆನೆಸಬೇಕು, ಹೊಟ್ಟು ಎಷ್ಟು ಬೆರೆಸಬೇಕು, ಹೇಗೆ ತುಳಿಯಬೇಕು, ಎಲ್ಲ ಹೇಳಿದೆ. ನನ್ನ ಕಾಲೇ ತುಳಿದ ಮಣ್ಣು ಅದು. ಬುಟ್ಟಿ ಹೊತ್ತು ಏಣಿ ಹತ್ತಿದ್ದನ್ನೂ ಹೇಳಿದೆ.

"ಆಮ್ಯಾಲ್ರಿ, ಚಾಚಿ?"

"ಆಮ್ಯಾಲ ಬುಟ್ಟಿ ಅವರ ಕೈಯಾಗ ಕೊಡ್ತಿದ್ದೆವ್ವ."

"ಮ್ಯಾಲ ಅವ್ರು ಹ್ಯಾಂಗ ಹರಡ್ತಿದ್ರು? ಎಷ್ಟು ದಪ್ಪ? ನೀರ ಹೋಗಾಕ ಇಳಿಜಾರ ಯಾವ ಕಡಿ?"

ಹಸಿ ಮಾಳಿಗೆಯ ಮೇಲೆ ಎರಡನೆಯವರ ಕಾಲು ಬೀಳಬಾರದು ಎನ್ನುವುದೂ ಇವರ ನೇಮವೇ. ನಾನು ಏಣಿಯ ಮೇಲಿಂದ ಬುಟ್ಟಿ ಕೊಡುವುದು, ಮತ್ತೊಂದಕ್ಕೆ ಇಳಿಯುವುದು. ಜನ್ಮವೆಲ್ಲ ಅಷ್ಟೇ.

"ನಾ ನೋಡಿಲ್ಲವ್ವ," ಎಂದೆ. "ಅವ್ರು ಮ್ಯಾಲ ಏನ್ ಮಾಡ್ತಿದ್ರು, ನಾ ಒಂದಿನಾನೂ ನೋಡಿಲ್ಲ." ರಾಧಿಕಾ ಹಾಡು ಹಾಕಿದಳು.

ಜೂನಿನ ಮಿರಗದ ಮಳೆಗೆ ಮೊದಲು ಜಬೀನಾ ಆ ಗೋಡೆಗಳ ಮೇಲೆ ಶೆಡ್ಡಿನ ತಗಡನ್ನೇ ಬಿಚ್ಚಿ ತಂದು ಹೊದಿಸಿದಳು. ಫೋನ್ ಮಾಡಿ, "ಮಾಫ್ ಮಾಡ್ರಿ ಚಾಚಿ, ಮಳಿ ಬಂದು ಗ್ವಾಡಿ ಕರಗಿ ಹೋಗ್ತಾವಂತ ಹಾಕಿದ್ವಿ" ಎಂದಳು. ಅವಳು ನನ್ನಲ್ಲಿ ಕ್ಷಮೆ ಕೇಳುತ್ತಾಳೆ, ನೋಡಿ! "ಕೂಸಿನ್ನ ಗ್ವಾಡಿ ಬಾಜೂ ಮಲಗಸ್ತೀನ್ರಿ. ಗ್ವಾಡಿ ತಂಪ ಅದ."

ಫೋನ್ ಇಟ್ಟು ಇವರನ್ನು ಬಾಯಿಗೆ ಬಂದಂತೆ ಬೈದೆ. ಹಠಮಾರಿ, ಮೂಢ, ನಿನ್ನ ನೇಮಕ್ಕಿಷ್ಟು ಬೆಂಕಿ ಹಾಕಲಿ ಎಂದೆ. ದತ್ತು ಓಡಿಬಂದು, "ಸುಮ್ಕಿರವ್ವ, ಮಂದಿ ಕೇಳ್ತಾರ" ಎಂದ.

"ಕೇಳ್ಲಿ ಬಿಡು," ಎಂದೆ. "ನನ್ನ ಗಂಡಗ ನಾ ಬೈಯಾಕತ್ತೀನಿ. ಇನ್ನ ಯಾರಿಗೆ ಬೈಲಿ ನಾ?"