ಅಮ್ಮ ನೋಡಿದ ಮುಖ

ತಂಗಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದೆ ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲಿ ಕೂತಿದ್ದವಳು ಅಕ್ಕ. ತಂಗಿಯ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದ, ಹೆರಿಗೆಯ ಹೊತ್ತಿಗಷ್ಟೇ ಬರುವವನು. ಅಲ್ಲಿಯವರೆಗೆ ಅವಳನ್ನು ಅಕ್ಕ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಳು.

"ಹೆದರಬೇಡಿ," ಎಂದರು ಡಾಕ್ಟರು. "ಊಟ ಹಿಡಿತದಲ್ಲಿರಲಿ, ಸಕ್ಕರೆ ನೋಡ್ಕೊಳ್ತಾ ಇರಿ. ಹೆಚ್ಚಿನವರಿಗೆ ಹೆರಿಗೆ ಆದ್ಮೇಲೆ ಹೋಗ್ಬಿಡುತ್ತೆ. ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

"ಅಪ್ಪನಿಗಿತ್ತು," ಎಂದಳು ತಂಗಿ.

ಡಾಕ್ಟರು ಅಕ್ಕನ ಕಡೆ ತಿರುಗಿದರು. "ನಿಮಗೆ? ಮಕ್ಕಳಾದಾಗ?"

"ನನಗೆ ಯಾರೂ ಪರೀಕ್ಷೆ ಮಾಡಿಸಲಿಲ್ಲ. ಒಂದೇ ಮಗು. ದಿನ ತುಂಬಿದ ಮೇಲೆ ಹೊಟ್ಟೇಲೇ ಹೋಯ್ತು."

"ಮಗು ದಪ್ಪ ಇತ್ತಾ?"

"ತುಂಬಾ ದಪ್ಪ ಇತ್ತಂತೆ. ನಾನು ನೋಡಲಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಸಕ್ಕರೆಯೇ ಕಾರಣ ಅಂತ ಈಗ ಹೇಳೋಕಾಗಲ್ಲ," ಎಂದು ಮೆಲ್ಲಗೆ ಹೇಳಿದರು. "ಆದ್ರೆ ಇರಬಹುದು."

ಅಕ್ಕ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ಬಸುರಿಯಾಗಿದ್ದಾಗಲೂ ದೊಡ್ಡ ದೊಡ್ಡ ಪಾತ್ರೆ ಇಳಿಸುತ್ತಿದ್ದಳು. ಭಾರ ಎತ್ತಿದ್ದಕ್ಕೇ ಮಗು ಹೋಯಿತು ಎಂದು ಎಲ್ಲರೂ ಅಂದರು. ಗಂಡ ಅದನ್ನೇ ಅಂದು ಅಂದು ಕೊನೆಗೆ ಬೇರೆ ದಾರಿ ಹಿಡಿದ. ಅಮ್ಮನೂ ಅಂದಿದ್ದಳು, "ಮಾತು ಕೇಳಲಿಲ್ಲವಲ್ಲೇ ನೀನು" ಎಂದು. ಅಕ್ಕ ಅದನ್ನು ನಂಬಿದ್ದಳು. ಇಷ್ಟು ವರ್ಷ ಯಾವ ಪಾತ್ರೆ ಎತ್ತಿದರೂ ಕೈ ಒಂದು ಗಳಿಗೆ ತಡೆಯುತ್ತಿತ್ತು.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಎದೆಯ ಕಲ್ಲು ಇಳಿಯಬೇಕಿತ್ತು. ಇಳಿಯಲಿಲ್ಲ. ಅವತ್ತು ಒಂದು ಹನಿ ರಕ್ತ ಪರೀಕ್ಷಿಸಿದ್ದರೆ ಮಗು ಉಳಿಯುತ್ತಿತ್ತೇನೋ ಎಂಬ ಹೊಸ ಸಂಕಟ ಬಂದು ಅದರ ಮೇಲೆಯೇ ಕೂತಿತು.

ತಂಗಿಯ ಆರೈಕೆಗೆ ಅವಳು ಟೊಂಕ ಕಟ್ಟಿ ನಿಂತಳು. ಕ್ಯಾಂಟೀನಿನಲ್ಲಿ ಕಣ್ಣಳತೆಯಲ್ಲೇ ಅಕ್ಕಿ ಸುರಿಯುವವಳು ಮನೆಯಲ್ಲಿ ಪುಟ್ಟ ಬಟ್ಟಲಿನಲ್ಲಿ ಅನ್ನ ಅಳೆದಳು. ತಟ್ಟೆಯ ಅರ್ಧ ತರಕಾರಿ, ಮಿಕ್ಕಿದ್ದರಲ್ಲಿ ಬೇಳೆ, ಮೊಟ್ಟೆ, ಒಂದಿಷ್ಟು ಅನ್ನ. ಒಮ್ಮೆಲೇ ಹೊಟ್ಟೆ ಬಿರಿಯುವಂತೆ ಉಣ್ಣದೆ ಸ್ವಲ್ಪ ಸ್ವಲ್ಪ, ಹಲವು ಸಲ. ಉಂಡ ಮೇಲೆ ಬೀದಿಯ ಕೊನೆಯವರೆಗೆ ನಡಿಗೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲೊಮ್ಮೆ, ಆಮೇಲೆ ಪ್ರತಿ ಊಟವಾದ ಮೇಲೊಮ್ಮೆ ಬೆರಳಿಗೆ ಸೂಜಿ.

"ನನ್ನ ಬೆರಳು ಜರಡಿ ಆಗಿದೆ ಅಕ್ಕಾ," ಎನ್ನುತ್ತಿದ್ದಳು ತಂಗಿ. "ನೀರು ಕುಡಿದ್ರೆ ಇಲ್ಲಿಂದ್ಲೇ ಸೋರುತ್ತೆ."

"ಸೋರಲಿ, ಒರೆಸ್ತೀನಿ. ಕೈ ಕೊಡು."

ಅಂಕಿ ಹೆಚ್ಚು ಬಂದ ದಿನ ತಂಗಿ ಅಳುತ್ತಿದ್ದಳು. ಅಕ್ಕ ಗದರುತ್ತಿರಲಿಲ್ಲ. ಏನು ತಿಂದೆ ಎಂದು ಕೇಳಿ, ಮರುದಿನ ಅದನ್ನು ಕಡಿಮೆ ಮಾಡುತ್ತಿದ್ದಳು. ತಂಗಿ ನಿದ್ದೆ ಹೋದಾಗ ಮಾತ್ರ ಅವಳ ಹೊಟ್ಟೆಯನ್ನೇ ನೋಡುತ್ತ ಕೂರುವಳು. ಒಳಗಿನ ಕೂಸು ಮಿಸುಕಿದರೆ ಹರ್ಷ, ಹಿಂದೆಯೇ ತನ್ನ ಕೂಸಿನ ನೆನಪು.

ಅಕ್ಕನ ಮಗುವಿನ ಬಗ್ಗೆ ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ತಿಳಿಸಕೂಡದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಅಮ್ಮ ಬಂದದ್ದು ಒಂದು ಭಾನುವಾರ, ಚೀಲದ ತುಂಬ ಖರ್ಜೂರ, ಹಣ್ಣಿನ ರಸದ ಬಾಟಲಿ, ಮನೆಯಲ್ಲೇ ಮಾಡಿದ ಸಿಹಿ ಹೊತ್ತುಕೊಂಡು.

"ಏನೇ ಇದು, ಎರಡು ಜೀವದವಳನ್ನ ಕಡ್ಡಿ ಮಾಡಿಟ್ಟಿದ್ದೀಯ," ಎಂದು ಅಕ್ಕನ ಮೇಲೆ ರೇಗಿದಳು. ಸಿಹಿಯ ಡಬ್ಬಿ ತೆರೆದು ತಂಗಿಯ ಬಾಯಿಯ ಹತ್ತಿರ ಹಿಡಿದಳು.

ಅಕ್ಕ ಅಮ್ಮನ ಕೈ ಹಿಡಿದು ತಡೆದಳು. "ಬೇಡಮ್ಮ. ಅವಳ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದೆ. ಮಗುಗೆ ಅಪಾಯ."

"ನನಗೇ ಕಲಿಸ್ತೀಯಾ? ನಿನ್ನ ಬಸುರಲ್ಲಿ ನೋಡ್ಕೊಂಡಿದ್ದು ಯಾರು? ಹೊತ್ತು ಹೊತ್ತಿಗೆ ಸಿಹಿ ಹಾಲು, ಹಣ್ಣಿನ ರಸ. ನೀನು ಸಾಕು ಅಂದ್ರೂ ಬಾಯಿಗಿಟ್ಟು..."

ಅಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ಕಣ್ಣು ತಪ್ಪಿಸಿದಳು.

"ನಿನಗೂ ಇದೇ ಇತ್ತಾ?" ಅಮ್ಮನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಗೊತ್ತಿಲ್ಲಮ್ಮ. ಇದ್ದಿರಬಹುದು ಅಂದ್ರು."

ನಿನ್ನ ತಪ್ಪಲ್ಲ ಎಂದು ಆ ಕ್ಷಣಕ್ಕೆ ಹೇಳಬೇಕಿತ್ತು. ಅಕ್ಕನ ನಾಲಿಗೆ ಹೊರಳಲಿಲ್ಲ. ಮಾತು ಕೇಳಲಿಲ್ಲವಲ್ಲೇ ಎಂದಿದ್ದ ಅದೇ ಬಾಯಿ ಎದುರಿಗಿತ್ತು. ಅಮ್ಮ ಡಬ್ಬಿ ಮುಚ್ಚಿ, ಚೀಲಕ್ಕೆ ಹಾಕಿ, ನೀರೂ ಕುಡಿಯದೆ ಹೊರಟುಹೋದಳು. ಆಮೇಲೆ ಫೋನಿನಲ್ಲಿ ತಂಗಿಯನ್ನು ವಿಚಾರಿಸುತ್ತಿದ್ದಳೇ ಹೊರತು ಅಕ್ಕನಿಗೆ ಕೊಡು ಎನ್ನಲಿಲ್ಲ.

ತಂಗಿಗೆ ಹೆಣ್ಣುಮಗು ಹುಟ್ಟಿತು. ತೂಕ ಹದವಾಗಿತ್ತು, ಅಳು ಇಡೀ ವಾರ್ಡಿಗೆ ಕೇಳಿಸಿತು. ಮಗುವಿನ ಹಿಮ್ಮಡಿಗೆ ಚುಚ್ಚಿ ಸಕ್ಕರೆ ನೋಡಿದ ನರ್ಸು ಎಲ್ಲ ಸರಿಯಿದೆ ಎಂದಳು. ಹಡಗಿನಿಂದ ನೇರ ಬಂದಿದ್ದ ತಂಗಿಯ ಗಂಡ ನಗುತ್ತ ಅಳುತ್ತ ನಿಂತಿದ್ದ.

ಅಮ್ಮ ಒಳಗೆ ಬರಲಿಲ್ಲ. ಅಕ್ಕ ಹೊರಗೆ ಹೋದಾಗ ಅವಳು ವರಾಂಡದ ಬೆಂಚಿನ ತುದಿಯಲ್ಲಿ ಕೂತಿದ್ದಳು.

"ಬಾಮ್ಮ, ಎತ್ಕೋ."

"ಈ ಕೈಯಲ್ಲಿ ಬೇಡ ಕಣೇ," ಎಂದಳು ಅಮ್ಮ. "ನಾನೇ ಉಣ್ಣಿಸಿದೆ. ಆಮೇಲೆ ನಿನ್ನನ್ನೇ ಅಂದೆ."

ಅಕ್ಕ ಪಕ್ಕದಲ್ಲಿ ಕೂತಳು. ನೀನು ಅಂದಿದ್ದು ಪರವಾಗಿಲ್ಲ ಎನ್ನಲು ಅವಳಿಗೆ ಈಗಲೂ ಆಗಲಿಲ್ಲ, ಏಕೆಂದರೆ ಆ ಮಾತು ಇನ್ನೂ ನೋಯುತ್ತಿತ್ತು.

"ನಿನಗೆ ಗೊತ್ತಿರಲಿಲ್ಲ," ಎಂದಳು. "ನನಗೂ ಗೊತ್ತಿರಲಿಲ್ಲ. ಅವತ್ತು ನೋಡಬೇಡ ಅಂತ ಮುಖಕ್ಕೆ ಬಟ್ಟೆ ಮುಚ್ಚಿ ತಗೊಂಡು ಹೋದೆಯಲ್ಲ. ನೀನೊಬ್ಬಳೇ ನೋಡಿದ್ದು. ಹೇಗಿದ್ದ ಅಂತ ಹೇಳಮ್ಮ."

ಬಕೆಟ್ಟು ಹಿಡಿದು ನೆಲ ಒರೆಸುತ್ತ ಬಂದವಳಿಗಾಗಿ ಇಬ್ಬರೂ ಕಾಲು ಮೇಲೆತ್ತಿ, ಮತ್ತೆ ಇಳಿಸಿದರು.

"ತಲೆ ತುಂಬ ಕೂದಲು," ಎಂದಳು ಅಮ್ಮ. "ಕೆನ್ನೆ ಇಷ್ಟಿಷ್ಟು ದಪ್ಪ. ಹಣೆ ನಿಂದೇ. ನಿದ್ದೆ ಹೋಗಿದಾನೆ ಅನ್ನೋ ಹಾಗಿತ್ತು. ನಾನು ಎರಡು ಸಲ ಅಲುಗಾಡಿಸಿ ನೋಡಿದೆ."

"ಇನ್ನೂ ಹೇಳು," ಎಂದಳು ಅಕ್ಕ.