ಐದನೆಯ ದಿನದ ಹೊಗೆ

ಉಣ್ಣೆ ಸುಟ್ಟ ವಾಸನೆ, ಆದರೆ ನನ್ನ ನೂಲಿಗೆ ಇನ್ನೂ ಯಾರೂ ಕಡ್ಡಿ ಗೀರಿಲ್ಲವಲ್ಲ, ನಾನಿನ್ನೂ ಮಗ್ಗದ ಪಟ್ಟಿಯನ್ನು ಸೊಂಟಕ್ಕೆ ಬಿಗಿದುಕೊಂಡು ಅಂಗಳದಲ್ಲಿ ಕೂತಿದ್ದೇನಷ್ಟೆ, ದೂರದೇಶದಿಂದ ಬೆಟ್ಟ ನಡೆಯಲು ಬಂದವರು ವಸತಿಯ ಒಳಗೆ ಅಗ್ಗಿಷ್ಟಿಕೆಯ ಮುಂದೆ ಸಾರು ಕುಡಿಯುತ್ತಿದ್ದಾರೆ, ಅವರ ಕೋಲುಗಳು ಬಾಗಿಲ ಪಕ್ಕ ಒರಗಿವೆ, ಒಬ್ಬೊಬ್ಬರಿಗೆ ಎರಡೆರಡು, ಅದಕ್ಕೇ ನಮ್ಮೂರಿನ ಹೆಂಗಸರು ಅವರನ್ನು ನಾಲ್ಕು ಕಾಲಿನವರು ಅನ್ನುವುದು, ಇವತ್ತು ಒಂದು ವಸತಿಯಲ್ಲಿ ಎದ್ದು, ಕಣಿವೆ ದಾಟಿ, ನಾಳೆ ಇನ್ನೊಂದರಲ್ಲಿ ಏಳುವವರು, ಗಂಟುಮೂಟೆಯೆಲ್ಲ ಹೇಸರಗತ್ತೆಗಳ ಮೇಲೆ, ಏದುಸಿರು ಮಾತ್ರ ಇವರದು — ಮತ್ತೆ ಬಂತು ವಾಸನೆ, ಉಣ್ಣೆಯದೇ, ಕೂದಲು ಸುಟ್ಟ ಹಾಗೆ, ಹಬ್ಬದ ಸಾರಿಗೆ ಕುರಿತಲೆಯನ್ನು ಬೆಂಕಿಗೆ ಹಿಡಿದಾಗ ಏಳುವಂಥದು, ಈ ವಾಸನೆಯಲ್ಲಿ ನನ್ನನ್ನು ಯಾರೂ ಏಮಾರಿಸಲಾರರು, ಏಳು ವರ್ಷದಿಂದ ಇದೇ ನನ್ನ ಕೆಲಸ, ನೂಲಿಗೆ ಬಣ್ಣ ಕೊಡುವ ಕಳ್ಳಿಯ ಹುಳುವನ್ನು ಅಂಗೈಯಲ್ಲಿ ಅರೆದು ಕೆಂಪು ತೋರಿಸುವುದು, ಅವರು ಬಾಯಿ ತೆರೆಯುವುದು, ಆಮೇಲೆ ವಿಲ್ಬರ್ ನನ್ನ ನೂಲಿನ ತುದಿ ಸುಟ್ಟು ಅವರ ಮೂಗಿಗೆ ಹಿಡಿಯುವುದು, ಕೂದಲಿನ ವಾಸನೆ ಬಂತಾ, ಹಾಗಾದ್ರೆ ಅಪ್ಪಟ ಉಣ್ಣೆ, ಪೇಟೆ ನೂಲಾದ್ರೆ ಪ್ಲಾಸ್ಟಿಕ್ ನಾತ ಹೊಡೆಯತ್ತೆ, ಅಪ್ಪಟ ಉಣ್ಣೆ ಯಾವತ್ತೂ ಸುಳ್ಳು ಹೇಳಲ್ಲ, ಅನ್ನುತ್ತಾನೆ, ವಾರಕ್ಕೆ ಎರಡು ತಂಡ, ಎರಡು ಸಲ ಅದೇ ಮಾತು, ನಾನು ತಲೆಯಾಡಿಸುತ್ತೇನೆ, ಏಳು ವರ್ಷ ತಲೆಯಾಡಿಸಿದ್ದೇನೆ.

ಅಗೋ ವಿಲ್ಬರನೇ ಬರುತ್ತಿದ್ದಾನೆ, ದಾರಿ ತೋರಿಸುವವನು, ಕುಸ್ಕೊ ಪಟ್ಟಣದವನು, ಬಾಯಿ ಸ್ವಲ್ಪ ಜಾಸ್ತಿ, ನನ್ನನ್ನು ಕರೆಯುವುದು ಮಾಮಿತಾ ಅಂತ, ಅಮ್ಮಾ ಅಂದ ಹಾಗೆ, ತೋಳಿನ ಮೇಲೆ ಏನೋ ಹಾಕಿಕೊಂಡಿದ್ದಾನೆ, ಮಾಮಿತಾ ಹಸಿಂತಾ, ಒಂದು ಉಪಕಾರ ಆಗ್ಬೇಕಲ್ಲ, ಕಿಡಿ ಹಾರಿ ಪೊಂಚೊಗೆ ತೂತು ಬಿದ್ದಿದೆ, ಹೊದ್ದುಕೊಂಡಿದ್ದ ಕೆಂಪು ಮೂಗಿನಮ್ಮ ಕಣ್ಣೀರು ಹಾಕ್ತಾ ಕೂತಿದಾರೆ, ನಾನು ಹೇಳ್ದೆ, ಅಳ್ಬೇಡಿ, ನಮ್ಮ ಮಾಮಿತಾ ಆಕಾಶ ಹರಿದ್ರೂ ಹೊಲೀತಾರೆ ಅಂತ. ಅವನು ಅದನ್ನು ನನ್ನ ಮಡಿಲಿಗೆ ಹಾಕುತ್ತಾನೆ, ತೂತು ಕಾಣುವ ಮೊದಲೇ ಅಂಚು ಕಾಣುತ್ತದೆ, ತಲೆ ತೂರಿಸುವ ಸೀಳಿನ ಸುತ್ತ ನೀಲಿ ಅಂಚು, ಕೊನೆಯ ಒಂದು ಗೇಣು ಮಾತ್ರ ಹಸಿರು, ಆ ವರ್ಷ ನೀಲಿ ನೂಲು ಸಾಲದೆ ಹಸಿರು ಹಾಕಿದ್ದೆ, ಅವ್ವಾ ಇದೇನು ಕತ್ತಿಗೆ ಹುಲ್ಲು ಕಟ್ಟಿದೀಯ, ನಾನೇನು ಕುರೀನಾ ಅಂದಿದ್ದ, ನಿಕಾಸಿಯೊ, ನನ್ನ ಮಗ, ಸತ್ತು ಹನ್ನೊಂದು ವರ್ಷವಾದ ನನ್ನ ಮಗ, ಇದು ಅವನದು, ಆದರೆ ಇದು ಇರಲು ಸಾಧ್ಯವಿಲ್ಲ, ಇದನ್ನು ಸುಟ್ಟಿದ್ದಾರೆ, ಸತ್ತ ಐದನೆಯ ದಿನ ಹೊಳೆಯಲ್ಲಿ ಒಗೆದು ಸುಟ್ಟಿದ್ದಾರೆ, ಬೂದಿ ನೀರಿಗೆ ಹೋಗಿದೆ, ಬೂದಿಯಾದದ್ದು ಬಂದು ನನ್ನ ಮಡಿಲಲ್ಲಿ ಬೆಚ್ಚಗೆ ಕೂತಿದೆ. ಮಾಮಿತಾ, ಇವ್ರನ್ನ ಮೇಲಿನ ಇಂಕಾ ಗೋಡೆ ತೋರ್ಸೋಕೆ ಕರ್ಕೊಂಡು ಹೋಗ್ತೀನಿ, ಬರೋಷ್ಟರಲ್ಲಿ ಆಗತ್ತಾ, ಅನ್ನುತ್ತಾನೆ, ಎಲ್ಲಿಂದ ಬಂತಪ್ಪ ಇದು ಅಂತ ನನ್ನ ಬಾಯಿ ಕೇಳುತ್ತದೆ, ಇದಾ, ಮೊನ್ನೆ ವಸತಿ ಮೇಲ್ವಿಚಾರಕರು, ಬಂದವರಿಗೆ ಹೊದೆಯೋಕೆ ಹಳೇ ಕೈನೇಯ್ಗೆ ಬೇಕು ಅಂದ್ರಲ್ಲ, ನಿಮ್ಮ ಅಳಿಯಾನೇ ಕೊಟ್ಟಿದ್ದು.

ಅಳಿಯ, ಅನ್ಸೆಲ್ಮೊ, ಸುಟ್ಟವನೇ ಅವನು — ಸಾವಾದ ಮನೆಯಲ್ಲಿ ಅಳಿಯಂದಿರೇ ಎಲ್ಲ ಮಾಡಬೇಕು, ಗುಂಡಿ ತೋಡುವುದು, ಬಟ್ಟೆ ಒಗೆಯುವುದು, ಸುಡುವುದು, ಹೆತ್ತವರು ಹತ್ತಿರ ಸುಳಿಯಬಾರದು, ಹೆತ್ತವರ ಕೈ ತಾಗಿದರೆ ಹೋಗುವವನು ಹಿಂದೆ ತಿರುಗಿ ನೋಡುತ್ತಾನೆ. ಊಟದ ಮನೆಯ ಆ ದೊಡ್ಡ ಕಿಟಕಿ ಇಲ್ಲಿಂದಲೇ ಕಾಣುತ್ತದೆ, ನಾಲ್ಕು ಕಾಲಿನವರು ಅದರ ಮುಂದೆ ನಿಂತು ಹಿಮದ ಬೆಟ್ಟ ನೋಡುತ್ತಾರೆ, ಈ ವಸತಿ ಕಟ್ಟುವಾಗ ಆ ಗಾಜನ್ನು ಹೇಸರಗತ್ತೆಯ ಮೇಲೆ ತರುವಂತಿರಲಿಲ್ಲ, ಒಡೆಯುತ್ತದೆ, ನಿಕಾಸಿಯೊ ಬೆನ್ನ ಮೇಲೆ ಹೊತ್ತು ಕಣಿವೆ ದಾಟಿಸಿದ, ಮೈಮೇಲಿನ ಪೊಂಚೊ ಬಿಚ್ಚಿ ಗಾಜಿಗೆ ಸುತ್ತಿದ್ದ, ಬಡಗಿ ಹೇಳಿದನಂತೆ, ಕೂರಿಸೋವರೆಗೆ ಸುತ್ತಿದ್ದು ಹಾಗೇ ಇರ್ಲಿ, ಇರ್ಲಿ ಬಿಡಣ್ಣ, ಬಿಸಿಲಿದೆಯಲ್ಲ ಅಂದು ಇವನು ಇನ್ನೊಂದು ಗಾಜು ತರಲು ಬರೀ ಅಂಗಿಯಲ್ಲಿ ಹಿಂದಿರುಗಿದ, ಕಣಿವೆದಾರಿಯ ನೆತ್ತಿಯಲ್ಲಿ ಹಿಮ ಸುರಿಯಿತು, ಎರಡು ದಿನದ ಮೇಲೆ ಸಿಕ್ಕಿದ, ಕಲ್ಲಿಗೆ ಒರಗಿ, ಮಂಡಿ ಎದೆಗೆ ಒತ್ತಿಕೊಂಡು, ಗಾಜಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ಐದನೆಯ ದಿನ ನಾನು ಮೇಲಿನ ಇಳಿಜಾರಿನಲ್ಲಿ ಕೂತಿದ್ದೆ, ಕೆಳಗೆ ಹೊಳೆ, ಹೊಳೆಯ ದಂಡೆಯಲ್ಲಿ ಹೊಗೆ, ಅಳಬೇಡ ಹಸಿಂತಾ, ದಾರಿ ಒದ್ದೆಯಾದರೆ ಅವನು ಜಾರ್ತಾನೆ, ನನ್ನ ಗಂಡ ಬಾಸಿಲಿಯೊ ಅಂದದ್ದು, ಅಂದು ಎದ್ದು ಹೋದ, ಹೇಸರಗತ್ತೆ ಎಲ್ಲೋ ಹೋಗಿದೆ ನೋಡ್ಕೊಂಡು ಬರ್ತೀನಿ ಅಂತ, ಮಗನ ಬಟ್ಟೆ ಸುಡುವ ಹೊತ್ತಿನಲ್ಲಿ ಇವನಿಗೆ ಹೇಸರಗತ್ತೆ, ಎಂಥ ಕಲ್ಲು ಇವನು ಅಂದುಕೊಂಡೆ, ನಾನು ಅಳಲಿಲ್ಲ, ಹಲ್ಲು ಕಚ್ಚಿ ಕೂತೆ, ಗಾಳಿ ನನ್ನ ಕಡೆಗೇ ಇತ್ತು, ಹೊಗೆ ನೇರ ಮುಖಕ್ಕೆ ಬಂತು, ಕಣ್ಣು ಉರಿಯಿತು, ಬಾಯೊಳಗೆಲ್ಲ ಹೊಗೆ — ಮತ್ತು ವಾಸನೆ, ವಾಸನೆ ಏನಿತ್ತು, ಹುಲ್ಲು, ಬೆಟ್ಟದ ಒಣ ಹುಲ್ಲು, ಸೂರಿಗೆ ಹೊದಿಸುವ ಹುಲ್ಲು, ಅಷ್ಟೇ, ಅಷ್ಟು ದಪ್ಪದ ಹೊದಿಕೆ ಸುಟ್ಟರೆ ಕಣಿವೆಯೆಲ್ಲ ಕುರಿತಲೆಯ ನಾತ ತುಂಬಬೇಕಿತ್ತು, ನನ್ನ ಮೂಗಿಗೆ ಅವತ್ತೇ ಗೊತ್ತಾಗಿತ್ತು, ನನಗೆ ಗೊತ್ತಾಗಲಿಲ್ಲ, ವಾರಕ್ಕೆ ಎರಡು ಸಲ ನನ್ನ ನೂಲನ್ನೇ ಸುಟ್ಟು ತೋರಿಸಿದರು, ಉಣ್ಣೆ ಸುಳ್ಳು ಹೇಳಲ್ಲ ಅಂದರು, ನಾನು ತಲೆಯಾಡಿಸುತ್ತ ಕೂತಿದ್ದೆ. ಬಟ್ಟೆ ಉಳಿದರೆ ಹೋದವನು ಹೋಗುವುದಿಲ್ಲ, ಬಟ್ಟೆ ಹುಡುಕಿಕೊಂಡು ಸುತ್ತುತ್ತಾನೆ, ಹಾಗಾದರೆ ಹನ್ನೊಂದು ವರ್ಷ ಎಲ್ಲಿದ್ದ ಅವನು, ಬರೀ ಅಂಗಿಯಲ್ಲಿ.

ಮಗ್ಗದ ಪಟ್ಟಿ ಬಿಚ್ಚಿದೆನೋ ಇಲ್ಲವೋ, ಕೊಟ್ಟಿಗೆಯ ಹತ್ತಿರ ನಿಂತಿದ್ದೇನೆ, ಅನ್ಸೆಲ್ಮೊ ಹೇಸರಗತ್ತೆಯ ಗೊರಸು ಎತ್ತಿ ಕಲ್ಲು ಕೀಳುತ್ತಿದ್ದಾನೆ, ಏನತ್ತೆ, ಮಗ್ಗ ಬಿಟ್ಟು ಎದ್ದು ಬಂದ್ರಿ, ನಾಲ್ಕು ಕಾಲಿನವರು ನಿಮ್ಮನ್ನೂ ನಡೆಯೋಕೆ ಕರೆದ್ರಾ, ಅಂತ ನಗುತ್ತಾನೆ, ಆಮೇಲೆ ನನ್ನ ಕೈ ನೋಡುತ್ತಾನೆ, ಗೊರಸು ಕೈಜಾರಿ ಕೆಳಗೆ ಬೀಳುತ್ತದೆ. ಅವತ್ತು ನೀನು ಏನು ಸುಟ್ಟೆ, ಅನ್ಸೆಲ್ಮೊ. ಅತ್ತೆ, ನೀವು ಒಳಗೇ ಬರಲ್ವಲ್ಲ, ಅಂಗಳದಲ್ಲೇ ಇರ್ತೀರಲ್ಲ, ಇದು ನಿಮ್ಮ ಕಣ್ಣಿಗೆ ಬೀಳಲ್ಲ ಅಂತ ನಾನು. ಏನು ಸುಟ್ಟೆ. ಹುಲ್ಲು. ಏನು. ಹುಲ್ಲು, ಅತ್ತೆ, ಉಳಿದ ಬಟ್ಟೆ ಸುಟ್ಟಾಗಿತ್ತು, ಹತ್ತಿ ಬಟ್ಟೆ ಎರಡು, ಇದನ್ನ ಕೈಯಲ್ಲಿ ಹಿಡ್ಕೊಂಡಿದ್ದೆ, ಮಾವ ಬಂದ್ರು, ಬರಬಾರದಿತ್ತು, ಬಂದ್ರು, ಕೊಡು ಅಂದ್ರು, ಬೇಡ ಮಾವ ಅಂದೆ, ಕಾಲಿಗೆ ಬಿದ್ರು, ನನ್ನ ಕಾಲಿಗೆ, ಅಷ್ಟು ದೊಡ್ಡವರು, ಅವಳು ಮೇಲಿಂದ ನೋಡ್ತಿರ್ತಾಳೆ, ಹೊಗೆ ನಿಲ್ಲಿಸ್ಬೇಡ ಅಂತ ತಾವೇ ಹುಲ್ಲು ಕಿತ್ತು ಕಿತ್ತು ಕೊಟ್ರು.

ಬಾಸಿಲಿಯೊ, ಕಲ್ಲು ಅಂದುಕೊಂಡಿದ್ದ ಬಾಸಿಲಿಯೊ, ಮೇಲಿನ ಕುರಿ ಗುಡಿಸಲಿಗೆ ಹೋಗಿ ಮಲಗತೊಡಗಿದ್ದು ಆಮೇಲೆಯೇ, ಇಂಕಾ ಗೋಡೆಗೆ ಒರಗಿಸಿ ಕಟ್ಟಿದ ಗುಡಿಸಲು, ಮನೇಲಿ ಹೊಗೆ ಜಾಸ್ತಿ, ನಿದ್ದೆ ಬರಲ್ಲ ಅನ್ನುತ್ತಿದ್ದ, ನಾನು ಅಲ್ಲಿಗೆ ಹೋಗಲಿಲ್ಲ, ಒಂದು ಸಲವೂ, ಮೂರು ಚಳಿಗಾಲ, ಮೂರನೆಯದರಲ್ಲಿ ಸತ್ತು ಸಿಕ್ಕಿದ, ಕುಡಿದು ಹೊದೆಯದೆ ಮಲಗಿದಾನೆ, ಚಳಿಗೆ ಹೋಗಿದಾನೆ ಅಂತ ಊರೆಲ್ಲ ಅಂದಿತು, ನಾನೂ ಅಂದೆ, ಎಂಟು ವರ್ಷ ಅವನ ಸಮಾಧಿಯ ಮೇಲೆ ಮದ್ಯದ ಹನಿ ಚೆಲ್ಲುವಾಗಲೆಲ್ಲ ಕುಡಿ, ಇನ್ನೂ ಕುಡಿ ಅಂದಿದ್ದೇನೆ. ಕುಡಿದಿರ್ಲಿಲ್ಲ ಅತ್ತೆ, ಅನ್ನುತ್ತಾನೆ ಅನ್ಸೆಲ್ಮೊ, ಮೊದಲು ಒಳಗೆ ಹೋದವನು ನಾನು, ಮಾವ ಗೋಡೆ ಕಡೆಗೆ ಮುದುಡಿಕೊಂಡಿದ್ರು, ಬರೀ ಅಂಗೀಲಿ, ಈ ಕಡೆ ಹುಲ್ಲು ಹಾಸಿತ್ತು, ಮನುಷ್ಯನಷ್ಟುದ್ದ, ಅದರ ಮೇಲೆ ಇದನ್ನ ಹೊದಿಸಿದ್ರು, ಅಂಚು ಸುತ್ತಲೂ ಒಳಗೆ ಸಿಕ್ಕಿಸಿದ್ರು, ಮಕ್ಕಳಿಗೆ ಸಿಕ್ಕಿಸ್ತೀವಲ್ಲ, ಹಾಗೆ. ಆಮೇಲೆ ಏನೇನೋ ಹೇಳುತ್ತಿದ್ದಾನೆ, ಸುಡೋಕೆ ಕೈ ಬರ್ಲಿಲ್ಲ, ಅಟ್ಟದಲ್ಲಿಟ್ಟಿದ್ದೆ, ನಿಮ್ಮ ಮಗಳು ಸಬಿನಾಗೂ ಹೇಳಿಲ್ಲ, ಒಂದೊಂದ್ ರಾತ್ರಿ ಅಟ್ಟದಲ್ಲಿ ಯಾರೋ ಮಗ್ಗುಲು ಬದಲಿಸ್ದಂಗೆ ಆಗ್ತಿತ್ತು, ಹೆದರಿಕೆ ಅತ್ತೆ, ಕೇಳಿದ್ರು, ಕೊಟ್ಟೆ — ಕೇಳಿಸುತ್ತಿದೆ, ಕೇಳಿಸುತ್ತಿಲ್ಲ, ಹುಲ್ಲು, ಅದರ ಮೇಲೆ ಹೊದಿಕೆ.

ನಾಲ್ಕು ಕಾಲಿನವರು ಸಾಲಾಗಿ ಮೇಲೆ ಹತ್ತುತ್ತಿದ್ದಾರೆ, ಕೋಲುಗಳ ಟಕ್ ಟಕ್, ಆ ಗುಡಿಸಲಿನ ಬಾಗಿಲಲ್ಲಿ ಬಗ್ಗಿ ಒಬ್ಬೊಬ್ಬರಾಗಿ ಒಳಗೆ ನೋಡುತ್ತಾರೆ, ಇಂಕಾ ದೊರೆಯ ಓಲೆಕಾರ ಓಡಿ ಓಡಿ ದಣಿದು ಇಲ್ಲಿ ಮಲಗ್ತಿದ್ದ ಅನ್ನುತ್ತಾನೆ ವಿಲ್ಬರ್, ಅವರು ಫೋಟೊ ತೆಗೆಯುತ್ತಾರೆ, ಬಾಸಿಲಿಯೊ ಬೆಂಕಿಪೊಟ್ಟಣ ಇಡುತ್ತಿದ್ದ ಗೂಡಿನ ಫೋಟೊ, ಅವನು ಮಲಗಿದ ನೆಲದ ಫೋಟೊ. ನಾನು ಅಗ್ಗಿಷ್ಟಿಕೆಯಿಂದ ಒಂದು ಮಣ್ಣಿನ ಕುಡಿಕೆಯಲ್ಲಿ ಕೆಂಡ ತುಂಬಿಕೊಂಡಿದ್ದೇನೆ, ಅತ್ತೆ ನೀವು ಮಾಡಬಾರದು, ಹೆತ್ತವರು ಮುಟ್ಟಬಾರದು, ಹಿಂದಿನಿಂದ ಅನ್ಸೆಲ್ಮೊ, ಮುಟ್ಟಬೇಕಾದವನು ಮುಟ್ಟಿದ್ದು ನೋಡಿದೆನಲ್ಲಪ್ಪ ಅನ್ನುತ್ತೇನೆ, ಅವನು ಅಲ್ಲಿಯೇ ನಿಲ್ಲುತ್ತಾನೆ, ಹೊಳೆಗೆ ಬಂದು ಪೊಂಚೊ ಅದ್ದುತ್ತೇನೆ, ನೀರು ಮೂಳೆ ಕೊರೆಯುತ್ತದೆ, ಹಿಂಡುತ್ತೇನೆ, ಯಾವ ಊರಿನ ಯಾರದೋ ಸಾಬೂನಿನ ಪರಿಮಳ ಹೋಗುತ್ತದೆ, ಸುಟ್ಟ ತೂತು ಎರಡು ಬೆರಳು ಹಿಡಿಯುವಷ್ಟು, ಒದ್ದೆಯಾದದ್ದು ಉರಿಯುವುದಿಲ್ಲ, ಒಣಗಬೇಕು, ಒಣಗಿದ ಮೇಲೆ ಕೆಂಡ, ಆಮೇಲೆ ವಾಸನೆ, ಈ ಸಲ ವಾಸನೆ ಬರಲೇಬೇಕು, ಬಂದರೆ ಅವನು ಹೊರಟ ಹಾಗೆ, ಇಬ್ಬರೂ ಹೊರಟ ಹಾಗೆ.

ಬಟ್ಟೆ ಒಣಹಾಕುವುದು ಇಲ್ಲಿ ಹುಲ್ಲಿನ ಮೇಲೆಯೇ, ಹುಟ್ಟಿದಾಗಿನಿಂದ ಹಾಗೇ, ಕೈಗೆ ಬೇರೆ ಗೊತ್ತಿಲ್ಲ, ಹರಡುತ್ತೇನೆ, ಮೂಲೆ ಎಳೆಯುತ್ತೇನೆ, ಹಸಿರು ಅಂಚು ತಲೆಯ ಕಡೆಗೆ, ಬಿಸಿಲಿದೆಯಲ್ಲ, ಬೇಗ ಒಣಗುತ್ತದೆ, ಎರಡು ಹೆಜ್ಜೆ ಹಿಂದೆ ಸರಿದು ಕುಡಿಕೆಯ ಕೆಂಡ ಊದಲು ಬಗ್ಗಿ, ತಲೆಯೆತ್ತಿ ನೋಡಿದರೆ — ಹುಲ್ಲು ಅಡಿಯಿಂದ ಎತ್ತಿ ಹಿಡಿದಿದೆ, ಮನುಷ್ಯನಷ್ಟುದ್ದ, ಗಾಳಿ ಬಂದಾಗ ಏರುತ್ತದೆ, ಇಳಿಯುತ್ತದೆ, ಏರುತ್ತದೆ, ತೂತು ಎದೆಯ ಹತ್ತಿರ ಅಲ್ಲಾಡುತ್ತದೆ, ಊದು ಹಸಿಂತಾ, ಕೆಂಡ ಬೂದಿಯಾಗುತ್ತಿದೆ, ಊದು, ಒಂದು ಬದಿಯ ಅಂಚು ಗಾಳಿಗೆ ಮಗುಚಿಕೊಂಡಿದೆ, ಆ ಬದಿಗೆ ಚಳಿಯಾಗುತ್ತದೆ, ನನ್ನ ಕೈ ಕುಡಿಕೆ ಬಿಟ್ಟು ಹೋಗಿ ಅಂಚನ್ನು ಒಳಗೆ ಸಿಕ್ಕಿಸುತ್ತದೆ, ಹುಲ್ಲು, ಬರೀ ಹುಲ್ಲು, ಅದರ ಮೇಲೆ ಹೊದಿಕೆ, ಇನ್ನೊಂದು ಬದಿಗೂ ಸಿಕ್ಕಿಸುತ್ತದೆ, ಹುಲ್ಲು, ಅದರ ಮೇಲೆ ಹೊದಿಕೆ, ಏರುತ್ತದೆ, ಇಳಿಯುತ್ತದೆ, ಹುಲ್ಲು, ಹೊದಿಕೆ