ಪ್ರಿಯ ಪಾಲಕರೇ

ಹೆಣಕ್ಕೆ ಸುತ್ತಿದ ಕಫನಿನ ಕೊನೆಯ ಗಂಟು ಕಟ್ಟಲು ಕರೀಮ ಸಾಬರು ಬಾಗಿದ್ದಾಗಲೇ ಸತ್ತವನ ಫೋನು ರಿಂಗಾಯಿತು. ಅದು ಅಖೀಲನ ಜೇಬಿನಲ್ಲಿತ್ತು. ನಸುಕಿನಲ್ಲಿ ಬೀದರಿನ ಆಸ್ಪತ್ರೆಯವರು ಅಪ್ಪನ ಹೆಣದ ಜೊತೆ ಅದನ್ನೂ ಕೈಗೆ ಕೊಟ್ಟಿದ್ದರು. ನೆಂಟರಾರೋ ಇರಬೇಕೆಂದು ಒತ್ತಿದ. ಹಳೆಯ ಸೆಟ್ಟು, ಸ್ಪೀಕರ್ ತಾನಾಗಿಯೇ ಹತ್ತಿಕೊಂಡಿತು. ಹೆಣ್ಣುದನಿಯೊಂದು ಮನೆ ತುಂಬ ಕೇಳುವಂತೆ ಓದಿತು:

"ಪ್ರಿಯ ಪಾಲಕರೇ, ನಿಮ್ಮ ಮಗಳು ಸುವರ್ಣಾ ಗಣಿತ ಮತ್ತು ವಿಜ್ಞಾನದಲ್ಲಿ ಅನುತ್ತೀರ್ಣಳಾಗಿದ್ದಾಳೆ. ಇಂದು ಮಧ್ಯಾಹ್ನ ಮೂರು ಗಂಟೆಯ ಪಾಲಕರ ಸಭೆಗೆ ತಪ್ಪದೆ ಹಾಜರಾಗಿ. ಧನ್ಯವಾದಗಳು."

ಒಳಕೋಣೆಯಲ್ಲಿ ಕುರಾನ್ ಓದುತ್ತಿದ್ದ ಹೆಂಗಸರ ದನಿ ನಿಂತಿತು. ಸತ್ತ ಆಟೋ ದಸ್ತಗೀರನಿಗೆ ಮಗನೆಂದು ಇದ್ದವನು ಅಖೀಲನೊಬ್ಬನೇ. ಮಗಳೆಂಬುವವಳು ಹುಟ್ಟಿರಲೇ ಇಲ್ಲ.

"ಭಾಬಿ, ಈ ಸುವರ್ಣಾ ಯಾರು?" ಎಂದಳು ದಸ್ತಗೀರನ ತಂಗಿ ನಾಹೀದ.

ಶಮೀಮ ಗಂಡನ ಮುಖ ನೋಡಿದಳು, ಮಗನ ಮುಖ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು. ಅಂಗಳದಲ್ಲಿ ಯಾರೋ ಮೆಲ್ಲಗೆ, ದಸ್ತಗೀರ ಭಾಯಿ ಆಟೋ ಎಲ್ಲೆಲ್ಲಿ ನಿಂದರಸ್ತಿದ್ನೋ ಏನೋ ಅಂದರು. ಇನ್ನೊಬ್ಬರು ನಗು ನುಂಗಿಕೊಂಡರು. ಅಖೀಲನ ಕಿವಿ ಕಾದ ಕಬ್ಬಿಣವಾಯಿತು.

ಕರೀಮ ಸಾಬರು ದಸ್ತಗೀರನ ಜೊತೆ ಭಾಲ್ಕಿ ಸ್ಟೇಶನ್ನಿನ ಮುಂದೆ ಆಟೋ ಹಚ್ಚುತ್ತಿದ್ದವರು. ಅಖೀಲನನ್ನು ಪಕ್ಕಕ್ಕೆ ಕರೆದು, ಮಾತು ಬೇರೆ ಕಡೆ ತಿರುಗಿಸಿದರು. "ಜನಾಜಾ ನಮಾಜಿಗಿಂತ ಮೊದಲು ನೀ ಎರಡು ಮಾತ್ ಹೇಳಬೇಕು ಬೇಟಾ. ನಮ್ಮ ಅಬ್ಬಾನಿಂದ ಯಾರಿಗರ ನೋವಾಗಿದ್ರ ಮಾಫ್ ಮಾಡ್ರಿ ಅಂತ. ಮಗಾ ಹೇಳೂದು ರಿವಾಜು."

"ನಾನೇ ಮಾಫ್ ಮಾಡಿಲ್ಲ ಚಾಚಾ. ಮಂದಿಗಿ ಹ್ಯಾಂಗ ಕೇಳ್ಲಿ?"

*

ಫೋನು ಬಂದಿದ್ದ ಅದೇ ಶಾಲೆ, ವರ್ಷಗಳ ಹಿಂದೆ. ಅಖೀಲ ಆಗ ಒಂಬತ್ತನೆಯ ಇಯತ್ತೆ. ಆ ಶಾಲೆಯವರು ಪ್ರಗತಿ ತಿಳಿಸುತ್ತಿದ್ದ ರೀತಿಯೇ ಬೇರೆ. ಅಂಗಳದಲ್ಲಿ ಕುರ್ಚಿ ಹಾಕಿ ಎಲ್ಲ ತಾಯಿತಂದೆಯರನ್ನು ಕೂರಿಸುವುದು, ಗಿಡಕ್ಕೆ ಎರಡು ಭೋಂಗಾ ಸ್ಪೀಕರ್ ಕಟ್ಟುವುದು, ಫೇಲಾದ ಮಗುವನ್ನೂ ಅದರ ಪಾಲಕರನ್ನೂ ಕಟ್ಟೆಯ ಮೇಲೆ ಹತ್ತಿಸಿ ಮೈಕಿನಲ್ಲಿ ಅಂಕ ಓದುವುದು.

ದಸ್ತಗೀರ ಖಾಕಿ ಅಂಗಿಯಲ್ಲೇ ಬಂದು ನಿಂತ. ಹೆಡ್ಮಾಸ್ತರರು ಅಂಕ ಓದಿ ಮುಗಿಸಿ, "ಭಾಲ್ಕಿಗಿ ಇನ್ನೊಂದು ಆಟೋ ತಯಾರಾತು ನೋಡ್ರಿ" ಅಂದರು. ಅಂಗಳ ಗೊಳ್ಳೆಂದಿತು. ನಕ್ಕವರನ್ನು ಹೊಡೆಯಲಾಗದವನು ಮಗನ ಕೆನ್ನೆಗೆ ಬಾರಿಸಿದ. ಮೈಕು ಹತ್ತಿರವೇ ಇತ್ತು. ಏಟಿನ ಸದ್ದು ಎರಡೂ ಭೋಂಗಾದಿಂದ ಹೊರಬಿದ್ದು ಸಂತೆಯ ತನಕ ಕೇಳಿತು.

ಅಖೀಲ ಪಾಟಿಚೀಲವನ್ನು ಅಪ್ಪನ ಆಟೋದ ಹಿಂದಿನ ಸೀಟಿನಲ್ಲಿಟ್ಟು ಔರಾದಿನ ಬಸ್ಸು ಹತ್ತಿದ. ಅಲ್ಲಿ ಮಾವನ ಅಂಗಡಿಯಲ್ಲಿ ಪಂಕ್ಚರ್ ಹಾಕಲು ಕಲಿತ. ಈದಿಗೊಮ್ಮೆ ಬರುತ್ತಿದ್ದ. ಅಪ್ಪ ತಬ್ಬಿಕೊಳ್ಳಲು ಕೈ ಚಾಚಿದರೆ ಭುಜವಷ್ಟೇ ಕೊಟ್ಟು ಸರಿಯುತ್ತಿದ್ದ. ಮಾತು ಏನಿದ್ದರೂ ಅಮ್ಮಿಯ ಜೊತೆ.

*

ಜನಾಜಾ ಹೆಗಲಿಗೆತ್ತುವ ಮೊದಲು ಹೆಂಗಸೊಬ್ಬಳು ಓಡಿಬಂದಳು. ಹಣೆಯಲ್ಲಿ ವಿಭೂತಿ, ಕಾಲಲ್ಲಿ ಕಬ್ಬಿನ ಹೊಲದ ಕೆಸರು. ಹೆಸರು ಶಾಂತಾಬಾಯಿ, ಊರು ಭಾತಂಬ್ರಾ ಅಂದಳು. ಸುವರ್ಣಾ ನಿನಗೇನಾಗಬೇಕು ಎಂದು ನಾಹೀದ ಬಾಗಿಲಲ್ಲೇ ತಡೆದು ಕೇಳಿದಳು.

"ನನ್ನ ಮಗಳ್ರಿ."

ಯಾರೂ ದಾರಿ ಬಿಡಲಿಲ್ಲ. ಅಖೀಲ ಎದುರಿಗೆ ಬಂದ. "ನಿಮ್ಮ ಮಗಳಿಗಿ ನಮ್ಮ ಅಬ್ಬಾ ಪಾಲಕ ಹ್ಯಾಂಗ ಆದ?"

ಶಾಂತಾಬಾಯಿಗೆ ಆ ಕಣ್ಣುಗಳ ಅರ್ಥ ತಡವಾಗಿ ಆಯಿತು. ಅವಳ ಮುಖ ಕಪ್ಪಿಟ್ಟಿತು. "ಅಣ್ಣ ಅಂತಿದ್ನಿರಿ ಅವರಿಗಿ" ಅಂದಳು. "ನನಗ ಗಂಡ ಇಲ್ಲ. ಆ ಕಟ್ಟಿ ಏರಂದ್ರ ಕೈಕಾಲು ನಡಗ್ತಾವ. ಅಣ್ಣಾರೇ ಅಂದ್ರು, ನನ್ನ ನಂಬರ್ ಬರಸು, ನಾ ನಿಂದಿರ್ತೇನಿ ಅಂತ. ನನ್ನ ಮಗಳೊಬ್ಬಾಕಿಗಿ ಅಲ್ರಿ, ಅವರ ಆಟೋದಾಗ ಸಾಲಿಗಿ ಹೋಗೂ ಯಾ ಮಕ್ಕಳು ಫೇಲಾದ್ರೂ, ತಾಯಿತಂದಿ ಅಂಜಿದ್ರ ಅವರೇ ನಿಂದಿರತಿದ್ರು."

ಶಮೀಮ ಬಾಯಿಂದ ಸೆರಗು ತೆಗೆದಳು. ಬಂದು ಶಾಂತಾಬಾಯಿಯ ಕೈ ಹಿಡಿದು ಒಳಗೆ ಕರೆದಳು. ಅಖೀಲ ಮಾತ್ರ ಬಿಡಲಿಲ್ಲ.

"ನಿಂತು? ಹೊಡೀತಿದ್ನಾ?"

"ಹೊಡಿಯೂದಾ?" ಶಾಂತಾಬಾಯಿ ಅವನನ್ನು ದಿಟ್ಟಿಸಿದಳು. "ಮೈಕಿಗೂ ಹುಡುಗಿಗೂ ನಡಬರಕ ನಿಂದಿರತಿದ್ರಂತ, ಎರಡೂ ಕೈ ಬೆನ್ನ ಹಿಂದ ಬಿಗಿ ಹಿಡದು. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲವ್ವಾ ಅಂತಿದ್ರು."

ಕೇಳಿದವರು ಕಣ್ಣೊರೆಸಿಕೊಂಡರು. ಅಖೀಲನಿಗೆ ಅಳು ಬರಲಿಲ್ಲ, ಸಿಟ್ಟು ಇಮ್ಮಡಿಯಾಯಿತು. ತನಗೆ ಸಿಗಬೇಕಾಗಿದ್ದ ಅಪ್ಪನನ್ನು ಊರ ಮಕ್ಕಳಿಗೆ ಹಂಚಿ ಹೋಗಿದ್ದ ಈ ಮನುಷ್ಯ.

*

ಮಸೀದಿಯ ಅಂಗಳದಲ್ಲಿ ಸಾಲುಗಳು ನಿಂತವು. ನಮಾಜು ಮಾಡಿಸುವ ಪೇಶಿಮಾಮರು ಹಿಂದೆ ತಿರುಗಿ ಅಖೀಲನ ಕಡೆ ನೋಡಿದರು. ಎಲ್ಲರೂ ನೋಡಿದರು. ಕಾದು ಕಾದು ಕಡೆಗೆ ಕರೀಮ ಸಾಬರೇ ಆ ಎರಡು ಮಾತು ಹೇಳಿದರು. ಮಾಫ್, ಮಾಫ್ ಎಂದು ಸಾಲಿನಿಂದ ಸಾಲಿಗೆ ದನಿ ಹರಿಯಿತು. ಅಖೀಲನಲ್ಲಿಗೆ ಬಂದು ತುಂಡಾಯಿತು.

ಗೋರಿಗೆ ಮೂರು ಹಿಡಿ ಮಣ್ಣು ಹಾಕಿದ. ಕೈ ತೊಳೆಯಲಿಲ್ಲ. ನೇರ ಮನೆಗೆ ಬಂದು ಅಪ್ಪನ ಆಟೋ ಚಾಲೂ ಮಾಡಿದ.

"ಎಲ್ಲಿಗಿ ಬೇಟಾ?" ಎಂದರು ಹಿಂದೆಯೇ ಬಂದ ಕರೀಮ ಸಾಬರು.

"ಸಾಲಿಗಿ. ಆ ಮೈಕ್ ಕಿತ್ತು ಒಗದು ಬರ್ತೇನಿ."

ಅದೇ ಗಿಡ, ಅವೇ ಭೋಂಗಾ, ತಲೆ ನರೆತ ಅದೇ ಹೆಡ್ಮಾಸ್ತರರು. ಕಟ್ಟೆಯ ಮೇಲೆ ಎರಡು ಜಡೆಯ ಹುಡುಗಿ ಒಬ್ಬಳೇ ನಿಂತಿದ್ದಳು. "ಸುವರ್ಣಾನ ಪಾಲಕರು? ಇವತ್ತ ಆಟೋ ಕೆಟ್ಟದ ಕಾಣ್ತದ" ಎಂದಿತು ಭೋಂಗಾ. ಕುರ್ಚಿಗಳು ನಕ್ಕವು.

ಅಖೀಲ ಕುರ್ಚಿಗಳನ್ನು ಸರಿಸುತ್ತ ಬಂದು ಕಟ್ಟೆಗೆ ಹಾರಿದ. ಕೈ ಮೈಕಿನ ವಾಯರಿಗೆ ಹೋಯಿತು. ಹುಡುಗಿ ಗೇಟಿನಾಚೆಯ ಆಟೋ ನೋಡಿದಳು, ಅವನ ಮುಖ ನೋಡಿದಳು. ಸುದ್ದಿ ಅವಳಿಗಿನ್ನೂ ಮುಟ್ಟಿರಲಿಲ್ಲ. ಅಂಜಲಿಲ್ಲ, ಬೆಚ್ಚಲಿಲ್ಲ. ದಿನಾ ಆಟೋದ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗ ಬಿಡುವಂತೆ, ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ.

"ನೀ ಯಾರಪಾ?" ಅಂದರು ಹೆಡ್ಮಾಸ್ತರರು.

ಅಖೀಲ ವಾಯರು ಬಿಟ್ಟ. ಆ ಜಾಗದಲ್ಲಿ ನಿಂತ.

"ಓದ್ರಿ ಸರ."

ಭೋಂಗಾ ಅಂಕ ಓದತೊಡಗಿತು. ಅವನ ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದ ಕೈಗಳಿಂದ ಗೋರಿಯ ಮಣ್ಣು ಉದುರುತ್ತಿತ್ತು. ಅದು ಸುವರ್ಣಾಳೊಬ್ಬಳಿಗೇ ಕಾಣುತ್ತಿತ್ತು.